ಎಣ್ಣೆ ಅಂದ್ರೆ ಯಾವ ಎಣ್ಣೆ?

ಫೋನ್ ಬಂದಾಗ ನಾನು ಕಣದಲ್ಲಿ ಕಾಫಿ ಹರವುತ್ತಿದ್ದೆ. ಜನವರಿ ತಿಂಗಳು, ಕೈಯೆಲ್ಲ ಧೂಳು. ಆ ಕಡೆಯವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ಮೇಡಂ, ಹ್ಯಾಂಬರ್ಗ್‌ಗೆ ನೀವು ಕಳಿಸಿದ ಪೆಟ್ಟಿಗೆ ಇಲ್ಲಿ ದೇವನಹಳ್ಳಿ ಕಾರ್ಗೋದಲ್ಲಿ ನಿಂತಿದೆ. ಒಳಗೇನಿದೆ?"

"ಎಣ್ಣೆ" ಎಂದೆ.

"ಎಣ್ಣೆ ಅಂದ್ರೆ ಯಾವ ಎಣ್ಣೆ?"

ಬಾಯಿ ಕಟ್ಟಿತು. ಅದು ಕಿತ್ತಳೆ ಸಿಪ್ಪೆಯ ಎಣ್ಣೆ. ಆದರೆ ಕಾಗದದಲ್ಲಿ ಇದ್ದದ್ದು 'ಹರ್ಬಲ್ ಹೇರ್ ಆಯಿಲ್'. ಕೆಳಗೆ ನನ್ನದೇ ಸಹಿ.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ತೋಟ. ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ನಡುನಡುವೆ ಉಳಿದುಕೊಂಡ ಒಂದಷ್ಟು ಕಿತ್ತಳೆ ಗಿಡ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಹಣ್ಣೇ ಕಮ್ಮಿ. ರೋಗ ಬಂದು ಎಷ್ಟೋ ತೋಟಗಳಲ್ಲಿ ಗಿಡಗಳೇ ಹೋದವು. ಇರುವ ಹಣ್ಣಿನಲ್ಲಿ ಸ್ಕ್ವಾಷ್ ಮಾಡುವವರು ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಅದನ್ನು ತಂದು ಎಣ್ಣೆ ತೆಗೆದರೆ ಹೇಗೆ ಅನ್ನೋದು ನನ್ನ ತಲೆಗೆ ಹೊಕ್ಕಿತು. ಸ್ಟೀಲಿನ ಬಟ್ಟಿ ಮಾಡಿಸಿದೆವು. ಹಬೆ ಹಾಯಿಸಿ, ತಣಿಸಿ, ಮೇಲೆ ತೇಲುವ ಎಣ್ಣೆ ಬೇರೆ ಮಾಡೋದು. "ಆ ಮನೆಯವರು ಬಟ್ಟಿ ಇಳಿಸ್ತಾರಂತೆ" ಎಂದು ಸುದ್ದಿ ಹಬ್ಬಿ ಸಂಜೆ ಹೊತ್ತು ಇಬ್ಬರು ಬಾಟಲಿ ಹಿಡಿದು ಬಂದದ್ದೂ ಇದೆ. ಕಿತ್ತಳೆಯ ಜೊತೆಗೆ ಕಾಳುಮೆಣಸಿನ ಎಣ್ಣೆಯನ್ನೂ ಮಾಡಿದೆವು. ಒಂದು ಚೀಲ ಸಿಪ್ಪೆಗೆ ಸಣ್ಣ ಬಾಟಲಿ ತುಂಬಿದರೆ ಅವತ್ತು ಹಬ್ಬ.

ಹ್ಯಾಂಬರ್ಗ್‌ನಲ್ಲಿ ಸೋಪು ಮಾಡುವ ಮೈಸೂರಿನ ಹೆಣ್ಣುಮಗಳೊಬ್ಬಳು ಸ್ಯಾಂಪಲ್ ಕೇಳಿದಳು. ಸಂಭ್ರಮವೋ ಸಂಭ್ರಮ. 200 ಮಿಲಿಯ ಆರು ಗಾಜಿನ ಬಾಟಲಿ ತೊಳೆದು, ಅಳತೆ ಕಮ್ಮಿ ಅಂತ ಅನ್ನಿಸಬಾರದು ಎಂದು ಕಂಠದವರೆಗೂ ತುಂಬಿಸಿದೆ. ಬಿಸ್ಕತ್ತಿನ ಹಳೇ ರಟ್ಟಿನ ಪೆಟ್ಟಿಗೆ. ಬಾಟಲಿ ಅಲುಗಬಾರದಲ್ವಾ, ಸುತ್ತ ಕಾಫಿ ಹೊಟ್ಟು ತುರುಕಿದೆ. ಮನೆಯಲ್ಲಿ ಬಿಟ್ಟಿ ಸಿಗುವ ವಸ್ತು, ಹಗುರ, ನೋಡಲೂ ಚೆಂದ. ಜರ್ಮನಿಯಲ್ಲಿ ಪೆಟ್ಟಿಗೆ ತೆರೆದವಳಿಗೆ ತೋಟದ ವಾಸನೆ ಬರಲಿ ಎಂಬ ಕವಿತ್ವವೂ ಸೇರಿತ್ತು.

ಕುಶಾಲನಗರದ ಒಂದು ಕೊರಿಯರ್ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಒಳ್ಳೆಯವನೇ. "ಎಸೆನ್ಷಿಯಲ್ ಆಯಿಲ್ ಅಂತ ಬರೆದ್ರೆ ಸುಮ್ನೆ ತಲೆನೋವು ಅಕ್ಕ. ಹರ್ಬಲ್ ಹೇರ್ ಆಯಿಲ್ ಅಂತ ಹಾಕೋಣ. ಎಲ್ಲರೂ ಹಾಗೇ ಹಾಕೋದು" ಎಂದ. ಹೂಂ ಎಂದೆ. ತೆಂಗಿನೆಣ್ಣೆ ಕಳಿಸೋದಕ್ಕೂ ಇದಕ್ಕೂ ಎಂಥ ವ್ಯತ್ಯಾಸ ಎಂದುಕೊಂಡೆ.

ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ಬೆಳಗಿನ ಜಾವ ಮೂರಕ್ಕೆ ಮನೆ ಬಿಟ್ಟು, ಪಿರಿಯಾಪಟ್ಟಣ, ಹುಣಸೂರು, ಮೈಸೂರು ದಾಟಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಣ್ಣಾಗಿ, ಮಧ್ಯಾಹ್ನದ ಹೊತ್ತಿಗೆ ದೇವನಹಳ್ಳಿ ಮುಟ್ಟಿದೆವು. ದಾರಿಯುದ್ದಕ್ಕೂ ನಮ್ಮವರು ಒಂದೂ ಮಾತಾಡಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ.

ಸ್ಟೀಲಿನ ಮೇಜಿನ ಮೇಲೆ ನನ್ನ ಪೆಟ್ಟಿಗೆ ಇತ್ತು. ತಪಾಸಣೆ ಮಾಡುವವರು ಐವತ್ತು ದಾಟಿದ, ಕನ್ನಡಕ ಹಾಕಿದ ಮನುಷ್ಯ. ಎಕ್ಸ್‌ರೇಯಲ್ಲಿ ಬಾಟಲಿ ಕಂಡವಂತೆ. ಎಕ್ಸ್‌ರೇ ಬೇಕೇ ಇರಲಿಲ್ಲ ಎಂದರು. ಕೋಣೆಯಿಡೀ ಕಿತ್ತಳೆ ವಾಸನೆ. ಒಂದು ಬಾಟಲಿಯ ಮುಚ್ಚಳದಿಂದ ಎಣ್ಣೆ ಜಿನುಗಿ ಅಲ್ಲಿನ ಹೊಟ್ಟೆಲ್ಲ ಒದ್ದೆಯಾಗಿತ್ತು.

"ಕಂಠಪೂರ್ತಿ ತುಂಬಿಸಿದ್ದೀರಿ. ವ್ಯಾನಿನಲ್ಲಿ ಬಿಸಿಲಿಗೆ ಎಣ್ಣೆ ಹಿಗ್ಗಿದೆ. ಎಲ್ಲಿಗೆ ಹೋಗ್ಬೇಕು ಅದು? ಮುಚ್ಚಳದಿಂದ ಹೊರಗೆ. ಮೇಲೆ ಹೋದ್ರೆ ಹೊರಗಿನ ಗಾಳಿಯ ಒತ್ತಡಾನೂ ಕಮ್ಮಿ ಆಗುತ್ತೆ, ಇನ್ನೂ ಜಾಸ್ತಿ ಹೊರಗೆ."

ತೆಂಗಿನೆಣ್ಣೆ ತರಹದ್ದೇ ಸರ್, ಗಿಡದಿಂದ ತೆಗೆದದ್ದು, ಕೆಮಿಕಲ್ ಏನೂ ಇಲ್ಲ ಎಂದು ಸಮಜಾಯಿಷಿ ಶುರುಮಾಡಿದೆ. ಅವರು ನಕ್ಕರು.

"ಯಾವ ಊರು ಮೇಡಂ?"

"ಕೊಡಗು."

"ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆ ದೀಪಕ್ಕೆ ಹಿಂಡಿಲ್ವಾ?"

ಹಿಂಡದೆ ಇರುವ ಮಗು ನಮ್ಮ ಕಡೆ ಹುಟ್ಟಿಲ್ಲ. ಕರೆಂಟು ಹೋದ ಮಳೆಗಾಲದ ರಾತ್ರಿ ಅದೇ ನಮ್ಮ ಪಟಾಕಿ. ಸಿಪ್ಪೆ ಮಡಚಿ ಒತ್ತಿದರೆ ಜ್ವಾಲೆಗೆ ಚಿಟಿಚಿಟಿ ಕಿಡಿ ಹಾರುತ್ತದೆ. ಅದೇ ಕಿಡಿಯನ್ನು ನಾನು 1,200 ಮಿಲಿ ತುಂಬಿಸಿ ವಿಮಾನಕ್ಕೆ ಕಳಿಸಿದ್ದೆ. ನಲವತ್ತು ವರ್ಷದಿಂದ ಗೊತ್ತಿದ್ದ ವಿಷಯ, ಬಾಟಲಿಗೆ ಹೋದ ಕೂಡಲೇ ಮರೆತುಹೋಗಿತ್ತು.

ತಪ್ಪು ನಮ್ಮ ಭಾಷೆಯದ್ದೂ ಸ್ವಲ್ಪ ಇದೆ ಎಂದು ಆಮೇಲೆ ಅನ್ನಿಸಿತು. ಕೊಬ್ಬರಿ ಎಣ್ಣೆಯೂ ಎಣ್ಣೆ, ಸೀಮೆಎಣ್ಣೆಯೂ ಎಣ್ಣೆ, ಸಂಜೆ ಕುಡಿಯುವುದೂ ಎಣ್ಣೆ. ವಿಮಾನದವರಿಗೆ ಈ ಒಂದು ಮಾತು ಸಾಲದು. ಅವರು ಕೇಳುವುದು ಫ್ಲಾಷ್ ಪಾಯಿಂಟ್. ಎಣ್ಣೆ ಬಿಸಿಯಾಗುತ್ತಾ ಹೋದಂತೆ ಆವಿ ಏಳುತ್ತದೆ. ಕಿಡಿ ತಾಗಿಸಿದರೆ ಆ ಆವಿ ಭಗ್ ಎನ್ನುವ ಅತಿ ಕಡಿಮೆ ಶಾಖ ಎಷ್ಟೋ, ಅದೇ ಫ್ಲಾಷ್ ಪಾಯಿಂಟ್. ಮುಚ್ಚಿದ ಬಟ್ಟಲಿನಲ್ಲಿ ಅಳೆದಾಗ 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಕ್ಲಾಸ್ 3, ಅಂದರೆ ಹೊತ್ತಿಕೊಳ್ಳುವ ದ್ರವ. ತೆಂಗಿನೆಣ್ಣೆಯದು 200 ದಾಟುತ್ತದೆ. ಸೀಮೆಎಣ್ಣೆಯದು 40ರ ಆಸುಪಾಸು. ನನ್ನ ಕಿತ್ತಳೆ ಎಣ್ಣೆ ಯಾರ ಪಕ್ಕ ಕೂರುತ್ತದೆ ಎಂದು ಊಹಿಸಿ.

ಆ ಕನ್ನಡಕದವರು ಮುಂದಿನ ಮಾತನ್ನು ಹೊಟ್ಟು ಕೈಯಲ್ಲಿ ಹಿಡಿದು ಹೇಳಿದರು. 1973ರ ನವೆಂಬರ್ 3. ಪ್ಯಾನ್ ಆಮ್ ಸಂಸ್ಥೆಯ ಸರಕು ವಿಮಾನ, ಬೋಯಿಂಗ್ 707, ನ್ಯೂಯಾರ್ಕ್‌ನಿಂದ ಸ್ಕಾಟ್ಲೆಂಡಿಗೆ ಹೊರಟಿತ್ತು. ಒಳಗೆ ನೈಟ್ರಿಕ್ ಆಸಿಡ್ ತುಂಬಿದ ಗಾಜಿನ ಬಾಟಲಿಗಳು. ಅವುಗಳ ಸುತ್ತ ಮರದ ಹೊಟ್ಟು ತುಂಬಿಸಿದ್ದರು. ಪೆಟ್ಟಿಗೆಗಳನ್ನು ಮಗ್ಗುಲಾಗಿ ಮಲಗಿಸಿದ್ದರು. ಆಸಿಡ್ ಸೋರಿ ಹೊಟ್ಟಿಗೆ ತಾಗಿ ಹೊಗೆ ಎದ್ದಿತು ಎಂದೇ ತನಿಖೆ ಮಾಡಿದವರು ನಂಬಿದರು. ಬಾಸ್ಟನ್‌ಗೆ ವಾಪಸ್ ತಿರುಗಿಸಿದರೂ ಇಳಿಸಲಾಗಲಿಲ್ಲ. ವಿಮಾನದಲ್ಲಿದ್ದ ಮೂವರೂ ಸತ್ತರು.

"ನಿಮ್ಮ ಎಣ್ಣೆ ಆ ಆಸಿಡ್ ಥರ ತಾನಾಗೇ ಹೊತ್ಕೊಳ್ಳಲ್ಲ. ಆದ್ರೆ ಎಣ್ಣೆ ಕುಡಿದ ಹೊಟ್ಟು ಅಂದ್ರೆ ಬತ್ತಿ ಅಲ್ವಾ ಮೇಡಂ?"

ಅಲ್ಲೇ ಕೂತು ವಿವರಣೆ ಪತ್ರ ಬರೆದೆ. ಘೋಷಿಸದ ಅಪಾಯಕಾರಿ ಸರಕು ಸಿಕ್ಕರೆ ನಾಗರಿಕ ವಿಮಾನಯಾನದ ಮೇಲ್ವಿಚಾರಣೆ ಮಾಡುವ ಡಿಜಿಸಿಎಗೆ ವರದಿ ಹೋಗಲೇಬೇಕು. ಮುಚ್ಚಿಡುವ ಮಾತಿಲ್ಲ. ಇದಕ್ಕೆಂದೇ 2003ರಿಂದ ನಿಯಮಾವಳಿ ಇದೆ. ಕೊರಿಯರ್‌ನವರಿಗೆ ಫೋನ್ ಮಾಡಿದರೆ "ಕಸ್ಟಮರ್ ಹೇಳಿದ್ದನ್ನೇ ಬರೆದದ್ದು" ಎಂದುಬಿಟ್ಟರು. ಸಿಟ್ಟು ಬಂತು. ಆದರೆ ಸಹಿ ಯಾರದು? ಪೆಟ್ಟಿಗೆಯಲ್ಲಿ ಏನಿದೆ ಎಂದು ಹೇಳುವ ಜವಾಬ್ದಾರಿ ಕಳಿಸುವವರದ್ದೇ. ನನಗೆ ಎಚ್ಚರಿಕೆ ಕೊಟ್ಟು ಪೆಟ್ಟಿಗೆ ವಾಪಸ್ ಕಳಿಸಿದರು. ಕಾರಿನ ನಾಲ್ಕೂ ಕಿಟಕಿ ತೆರೆದುಕೊಂಡು ಊರಿಗೆ ಬಂದೆವು. ಬೈಲುಕುಪ್ಪೆ ದಾಟುವಾಗ ನಮ್ಮವರು ಮೊದಲ ಮಾತಾಡಿದರು. "ಕಾಫಿ ಹೊಟ್ಟು ಹಾಕೋಣ ಅಂದದ್ದು ನಾನಲ್ಲ."

ಬಿಟ್ಟುಬಿಡಬಹುದಿತ್ತು. ಅತ್ತೆಯೂ ಅದನ್ನೇ ಹೇಳಿದರು. ಅಂಚೆಯಲ್ಲಿ ಕಳಿಸೋಣವೇ ಎಂದು ನೋಡಿದರೆ ಅಲ್ಲೂ ಹೊತ್ತಿಕೊಳ್ಳುವ ದ್ರವ ತೆಗೆದುಕೊಳ್ಳೋದಿಲ್ಲ. ಆದರೆ ಆ ಕನ್ನಡಕದವರು ಹೊರಡುವಾಗ ಒಂದು ಮಾತು ಹೇಳಿದ್ದರು. "ಇದು ಕಳಿಸಬಾರದ ವಸ್ತು ಅಲ್ಲ ಮೇಡಂ. ಹೇಳಿ ಕಳಿಸಬೇಕಾದ ವಸ್ತು." ಅದು ತಲೆಯಲ್ಲಿ ಕೂತಿತ್ತು.

ಮೊದಲು ಬೆಂಗಳೂರಿನ ಲ್ಯಾಬಿಗೆ ಎರಡೂ ಎಣ್ಣೆ ಕೊಟ್ಟೆ. ಕಿತ್ತಳೆ 48 ಡಿಗ್ರಿ, ಮೆಣಸು 53. ಎರಡೂ ಕ್ಲಾಸ್ 3. ಫ್ಲಾಷ್ ಪಾಯಿಂಟ್ 23ರಿಂದ 60ರ ನಡುವೆ ಇದ್ದರೆ ಪ್ಯಾಕಿಂಗ್ ಗ್ರೂಪ್ 3, ಅಂದರೆ ಅಪಾಯದಲ್ಲಿ ಕೊನೆಯ ಮೆಟ್ಟಿಲು. ಪೆಟ್ರೋಲು ಎರಡನೇ ಗುಂಪಿನದು. ಆಮೇಲೆ ಸುರಕ್ಷತಾ ಮಾಹಿತಿ ಪತ್ರ ಮಾಡಿಸಿದ್ದಾಯಿತು. ಅದಕ್ಕೆ 16 ಭಾಗ. 9ರಲ್ಲಿ ಫ್ಲಾಷ್ ಪಾಯಿಂಟ್, 14ರಲ್ಲಿ ಸಾಗಣೆಯ ವಿವರ. ಉಳಿದದ್ದನ್ನು ಕಾರ್ಗೋದವರು ಯಾರೂ ತಿರುಗಿಸಿ ನೋಡಿದ್ದು ನಾನು ಕಾಣೆ.

ಸಹಿ ಹಾಕುವವರಿಗೆ ತರಬೇತಿ ಇರಬೇಕು ಎಂದರು. ಸರಿ, ಕಾಫಿ ಕೊಯ್ಲು ಮುಗಿದ ಮೇಲೆ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ಉಳಿದುಕೊಂಡು ಐದು ದಿನದ ಕ್ಲಾಸಿಗೆ ಹೋದೆ. ಫ್ರೈಟ್ ಕಂಪನಿಯ ಹುಡುಗರು, ಔಷಧಿ ಕಂಪನಿಯ ಇಬ್ಬರು, ಬ್ಯಾಟರಿ ತರಿಸುವ ಒಬ್ಬರು, ಮತ್ತೆ ನಾನು. ಪರಿಚಯ ಹೇಳುವಾಗ "ತೋಟ" ಎಂದೆ. ಎಲ್ಲರೂ ತಿರುಗಿ ನೋಡಿದರು.

ಮೇಜಿನ ಮೇಲೆ ಪ್ರತಿಯೊಬ್ಬರಿಗೂ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ವಿಶ್ವಸಂಸ್ಥೆಯ ವಿಮಾನಯಾನ ಅಂಗವಾದ ಐಕಾವೋ ಮಾಡುವ ತಾಂತ್ರಿಕ ಸೂಚನೆಗಳೇ ಇದಕ್ಕೆಲ್ಲ ಬೇರು. ಅದನ್ನು ಇಟ್ಟುಕೊಂಡು ವಿಮಾನ ಸಂಸ್ಥೆಗಳ ಒಕ್ಕೂಟ ಐಯಾಟಾ ಪ್ರತಿವರ್ಷ ಜನವರಿ 1ಕ್ಕೆ ಜಾರಿಯಾಗುವ ಹಾಗೆ ಈ ಪುಸ್ತಕ ತರುತ್ತದೆ. ಮೊದಲನೆಯದು 1956ರಲ್ಲೇ ಬಂದಿತ್ತು. ಪುಸ್ತಕದ ನಡುವೆ ನೀಲಿ ಹಾಳೆಗಳು. ಅದೇ ಹೃದಯ. ಎ ಇಂದ ಎನ್ ತನಕ ಕಾಲಂಗಳು. ಯುಎನ್ ನಂಬರ್ (ಅಪಾಯದ ಸರಕಿಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಅಂಕಿ), ಸರಿಯಾದ ಸಾಗಣೆ ಹೆಸರು, ಕ್ಲಾಸ್, ಲೇಬಲ್, ಪ್ಯಾಕಿಂಗ್ ಗ್ರೂಪ್, ಆಮೇಲೆ ಪ್ರಯಾಣಿಕರ ವಿಮಾನದಲ್ಲಿ ಎಷ್ಟು, ಸರಕಿನ ವಿಮಾನದಲ್ಲಿ ಎಷ್ಟು. ಪಂಚಾಂಗ ನೋಡಲು ಕಲಿತವರಿಗೆ ಕಷ್ಟವಲ್ಲ. ಅಡ್ಡ ಓದಬೇಕು, ಕಣ್ಣು ಒಂದು ಸಾಲು ಜಾರಿದರೆ ಕೆಟ್ಟಿತು.

ನನ್ನ ಎಣ್ಣೆಗೆ ಸಿಕ್ಕ ಹೆಸರು ಯುಎನ್ 1197, 'ಎಕ್ಸ್‌ಟ್ರಾಕ್ಟ್ಸ್, ಲಿಕ್ವಿಡ್, ಫಾರ್ ಫ್ಲೇವರ್ ಆರ್ ಅರೋಮಾ'. ರುಚಿಗೋ ಪರಿಮಳಕ್ಕೋ ಇರುವ ದ್ರವಸಾರ. ಕೊಡಗೂ ಇಲ್ಲ, ಕಿತ್ತಳೆಯೂ ಇಲ್ಲ. ಮೊದಲು ಬೇಜಾರಾಯಿತು. ಆದರೆ ಹ್ಯಾಂಬರ್ಗ್‌ನಲ್ಲಿ ಪೆಟ್ಟಿಗೆ ಇಳಿಸುವವನಿಗೆ ಸುಂಟಿಕೊಪ್ಪ ಗೊತ್ತಿಲ್ಲದಿದ್ದರೂ 1197 ಗೊತ್ತಿರುತ್ತದೆ.

ಅಪಾಯದ ಸರಕಿಗೆ ಒಟ್ಟು ಒಂಬತ್ತು ಕ್ಲಾಸ್. ಮೊದಲ ದಿನ ರಾತ್ರಿ ನಿದ್ದೆ ಬರದೆ ನಮ್ಮ ಮನೆಯ ಸ್ಟೋರ್ ರೂಮನ್ನು ಕಣ್ಣ ಮುಂದೆ ತಂದುಕೊಂಡು ಲೆಕ್ಕ ಹಾಕಿದೆ. ಮಾವನವರ ಕೋವಿಯ ತೋಟೆ, ಆನೆ ಓಡಿಸುವ ಪಟಾಕಿ: ಕ್ಲಾಸ್ 1, ಸ್ಫೋಟಕ. ಗ್ಯಾಸ್ ಸಿಲಿಂಡರ್ 2. ಕಳೆ ಕತ್ತರಿಸುವ ಮೆಷಿನ್ನಿನ ಪೆಟ್ರೋಲು 3, ಈಗ ನನ್ನ ಎಣ್ಣೆಯೂ ಅದರ ಜೊತೆ. ಬೆಂಕಿಪೊಟ್ಟಣ 4.1. ಇಲಿ ಪಾಷಾಣ, ಅಂದರೆ ಝಿಂಕ್ ಫಾಸ್ಫೈಡ್, ನೀರು ತಾಗಿದರೆ ವಿಷದ ಗಾಳಿ ಬಿಡುತ್ತದೆ. ಅದು 4.3, ಜೊತೆಗೆ ವಿಷವೆಂದು 6.1. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ 5.1. ಸೋಲಾರ್ ಬೇಲಿಯ ಬ್ಯಾಟರಿ 8. ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತು 9, ನೀರಿನ ಜೀವಿಗಳಿಗೆ ಕೆಟ್ಟದ್ದು ಎಂದು. ಮಗನ ಪವರ್ ಬ್ಯಾಂಕೂ 9.

ನಗು ಬಂದದ್ದು 4.2ಕ್ಕೆ. ತಾನಾಗಿಯೇ ಹೊತ್ತಿಕೊಳ್ಳುವ ವಸ್ತುಗಳು. ಅದರಲ್ಲಿ ಯುಎನ್ 1363, ಕೊಬ್ಬರಿ! ರಾಶಿ ಹಾಕಿದ ಕೊಬ್ಬರಿ ಒಳಗೊಳಗೇ ಬಿಸಿಯಾಗಿ ಹತ್ತಿಕೊಳ್ಳುತ್ತದೆ ಎಂದು. ಪ್ರತಿ ಸಲ ಡೆಲ್ಲಿಯಲ್ಲಿರುವ ಮೈದುನನ ಬ್ಯಾಗಿಗೆ ಅತ್ತೆ ತುಂಬಿಸುವುದು ಅದನ್ನೇ. ರೇಡಿಯೋಆಕ್ಟಿವ್ ವಸ್ತುಗಳ ಕ್ಲಾಸ್ 7 ಒಂದನ್ನು ಬಿಟ್ಟು ನಮ್ಮ ಸ್ಟೋರ್ ರೂಮಿನಲ್ಲಿ ಎಲ್ಲವೂ ಇತ್ತು.

ತೋಟೆಯ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ಕೋವಿಗೆ ಲೈಸೆನ್ಸ್ ವಿನಾಯಿತಿ ಇರುವವರ ಊರು ನಮ್ಮದು. ಬೇಟೆಯ ಕಾಲದ ಹಳೇ ಬ್ಯಾಗನ್ನೇ ಪ್ರಯಾಣಕ್ಕೂ ಎತ್ತಿಕೊಂಡು ಹೋಗುವ ಗಂಡಸರಿದ್ದಾರೆ. ನಮ್ಮ ಕಡೆಯವರೊಬ್ಬರ ಬ್ಯಾಗಿನ ಪಕ್ಕದ ಜೇಬಿನಲ್ಲಿ ಒಂದೇ ಒಂದು ತೋಟೆ ಉಳಿದಿತ್ತು. ಮದುವೆಗೆ ಹೊರಟಿದ್ದವರು ಇಡೀ ದಿನ ಪೊಲೀಸ್ ಸ್ಟೇಷನ್ನಿನಲ್ಲಿ ಕಳೆದರು. ನಿಯಮ ಏನೂ ಕಠೋರವಲ್ಲ. 1.4ಎಸ್ ಎಂಬ ವಿಭಾಗಕ್ಕೆ ಸೇರಿದ ತೋಟೆಯನ್ನು ವಿಮಾನ ಸಂಸ್ಥೆಯ ಒಪ್ಪಿಗೆ ಪಡೆದು, ಭದ್ರವಾಗಿ ಪ್ಯಾಕ್ ಮಾಡಿ, ಚೆಕ್-ಇನ್ ಲಗೇಜಿನಲ್ಲಿ ಒಬ್ಬರಿಗೆ 5 ಕೆಜಿ ತನಕ ಒಯ್ಯಬಹುದು. ಆಯುಧದ ಕಾಗದಪತ್ರ, ಭದ್ರತೆಯವರ ನಿಯಮ ಬೇರೆ. ಆದರೆ ಕೇಳದೆ, ಹೇಳದೆ, ಜೇಬಿನಲ್ಲಿ? ಅದು ನನ್ನ ಹೇರ್ ಆಯಿಲ್ ಕತೆಯೇ.

ಮೂರನೇ ದಿನ ಹೇಳಿದ ಒಂದು ಅಪಘಾತ ಇನ್ನೂ ಮನಸ್ಸಿನಿಂದ ಹೋಗಿಲ್ಲ. 1996ರ ಮೇ 11. ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟ ಪ್ರಯಾಣಿಕರ ವಿಮಾನ, ವ್ಯಾಲ್ಯೂಜೆಟ್ 592. ಹೊಟ್ಟೆಯಲ್ಲಿ ಹಳೆಯ ಆಕ್ಸಿಜನ್ ಜನರೇಟರುಗಳ ಪೆಟ್ಟಿಗೆಗಳು. ಪಿನ್ ಎಳೆದರೆ ಆಕ್ಸಿಜನ್ ಬಿಡುವ, ಬಿಡುವಾಗ ವಿಪರೀತ ಕಾಯುವ ಡಬ್ಬಿಗಳವು. ಕಾಗದದಲ್ಲಿ ಬರೆದದ್ದು ಏನು ಗೊತ್ತಾ? 'ಖಾಲಿ'. ಖಾಲಿ ಇರಲಿಲ್ಲ. 110 ಜನ ಸತ್ತರು. ಮೇಷ್ಟ್ರು ಮುಂದಿನ ಸ್ಲೈಡಿಗೆ ಹೋದರು. ನಾನು ನೋಟ್‌ಬುಕ್ಕಿನಲ್ಲಿ 'ಹರ್ಬಲ್ ಹೇರ್ ಆಯಿಲ್' ಎಂದು ಬರೆದು ಅಡಿಗೆರೆ ಎಳೆದು ಕೂತಿದ್ದೆ.

ಪರೀಕ್ಷೆ ಪುಸ್ತಕ ನೋಡಿಕೊಂಡೇ ಬರೆಯೋದು. ಪಾಸಾಗಲು ನೂರಕ್ಕೆ 80 ಬೇಕು. ಪುಸ್ತಕ ಕೊಟ್ಟಿದ್ದಾರಲ್ಲ ಎಂದು ಹಗುರವಾಗಿ ತೆಗೆದುಕೊಂಡ ಒಬ್ಬ ಹುಡುಗನಿಗೆ ಆಗಲಿಲ್ಲ. ನನಗೆ 84. ಸರ್ಟಿಫಿಕೇಟಿನ ಆಯಸ್ಸು 24 ತಿಂಗಳು. ಆಮೇಲೆ ಮತ್ತೆ ತರಬೇತಿ.

ಆ ಐದು ದಿನದಲ್ಲಿ ನನಗೆ ಸಿಕ್ಕ ನಿಜವಾದ ನಿಧಿ ಎಫ್ ಕಾಲಂ. 1197ರ ಸಾಲಿನಲ್ಲಿ ಅಲ್ಲಿ 'ಇ1' ಎಂದಿತ್ತು. ಎಂಥದು ಎಂದು ಹುಡುಕಿದರೆ 'ಎಕ್ಸೆಪ್ಟೆಡ್ ಕ್ವಾಂಟಿಟಿ'. ಬಹಳ ಸಣ್ಣ ಪ್ರಮಾಣವಾದರೆ ದೊಡ್ಡ ಕಾಗದಪತ್ರದಿಂದ ರಿಯಾಯಿತಿ. ಇ1 ಎಂದರೆ ಒಳಗಿನ ಒಂದೊಂದು ಬಾಟಲಿಯಲ್ಲಿ 30 ಮಿಲಿ ಮೀರಬಾರದು, ಇಡೀ ಪೆಟ್ಟಿಗೆಯಲ್ಲಿ 1 ಲೀಟರ್ ಮೀರಬಾರದು. ಸ್ಯಾಂಪಲ್‌ಗೆ ಬೇಕಾದದ್ದೇ ಅಷ್ಟು! 200 ಮಿಲಿ ಬಾಟಲಿ ತುಂಬಿಸಿ ಸಿಕ್ಕಿಬಿದ್ದದ್ದು ಸುಮ್ನೆ.

ರಿಯಾಯಿತಿ ಇದೆ ಎಂದರೆ ಪ್ಯಾಕಿಂಗ್ ಸಡಿಲ ಎಂದಲ್ಲ. ಬಾಟಲಿಯ ಮುಚ್ಚಳ ಬಿಗಿದು ಮೇಲೆ ಟೇಪ್ ಸುತ್ತಬೇಕು. 55 ಡಿಗ್ರಿ ಬಿಸಿಯಲ್ಲೂ ಬಾಟಲಿ ಪೂರ್ತಿ ತುಂಬಿಹೋಗದ ಹಾಗೆ ಖಾಲಿ ಜಾಗ ಬಿಡಬೇಕು. ಅದರ ಹೊರಗೆ ಮೆತ್ತನೆಯ ವಸ್ತು ಸುತ್ತಿದ ನಡುವಿನ ಪ್ಯಾಕ್. ಎಲ್ಲ ಬಾಟಲಿ ಒಡೆದರೂ ಹೀರಿಕೊಳ್ಳುವಷ್ಟು ಹೀರುವಸ್ತು. ಆಮೇಲೆ ಗಟ್ಟಿ ಹೊರಪೆಟ್ಟಿಗೆ. ಈ ಇಡೀ ಪ್ಯಾಕು 1.8 ಮೀಟರ್ ಎತ್ತರದಿಂದ ಐದು ರೀತಿ ಬಿದ್ದರೂ ಸೋರಬಾರದು. ತಳ, ಮೇಲ್ಭಾಗ, ಉದ್ದದ ಮಗ್ಗುಲು, ಗಿಡ್ಡ ಮಗ್ಗುಲು, ಮೂಲೆ. ಮಾಡಿ ನೋಡಿ, ಬರೆದಿಡಬೇಕು.

ನಮ್ಮವರ ಎತ್ತರ ಆರಡಿ. ಅಂದರೆ ಸರಿಸುಮಾರು 1.8 ಮೀಟರ್. ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆ ನೆಲ ಇನ್ನೆಲ್ಲಿ? ಎಣ್ಣೆ ಹಾಳಾಗಬಾರದೆಂದು ಬಾಟಲಿಗಳಿಗೆ ನೀರು ತುಂಬಿಸಿದೆ. "ರೀ, ತಲೆ ಮೇಲೆ ಇಟ್ಕೊಂಡು ಬಿಡಿ" ಎಂದೆ. ಅವರು ಪೆಟ್ಟಿಗೆಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು ದೇವರ ಉತ್ಸವ ಹೊತ್ತವರ ಹಾಗೆ ನಿಂತರು. ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಕೆಲಸದವರೂ ಸೇರಿದರು. ತಳ ಪಾಸು. ಮೇಲ್ಭಾಗ ಪಾಸು. ಎರಡು ಮಗ್ಗುಲೂ ಪಾಸು. ಮೂಲೆಗೆ ಬಿದ್ದಾಗ ಒಳಗೆ ಟಿಕ್ ಎಂದಿತು. ಒಂದು ಬಾಟಲಿಯ ಕುತ್ತಿಗೆ ಹೋಗಿತ್ತು.

ಎರಡು ಸಲ ಹೊಸದಾಗಿ ಕಟ್ಟಿದ ಮೇಲೆ ಐದೂ ಪಾಸಾಯಿತು. ಬಾಟಲಿಗಳನ್ನು ಒಂದಕ್ಕೊಂದು ತಾಗದ ಹಾಗೆ ರಟ್ಟಿನ ಮನೆ ಮಾಡಿ ಕೂರಿಸಿದ್ದೇ ಗುಟ್ಟು. ಇನ್ನು ಭಾರದ ಪರೀಕ್ಷೆ. ಅಂಥದ್ದೇ ಪೆಟ್ಟಿಗೆಗಳನ್ನು 3 ಮೀಟರ್ ಎತ್ತರಕ್ಕೆ ಪೇರಿಸಿದರೆ ಬೀಳುವ ಭಾರ 24 ಗಂಟೆ ಹೊರಬೇಕು. ನನ್ನ ಲೆಕ್ಕಕ್ಕೆ 30 ಕೆಜಿ ಬಂತು. 50 ಕೆಜಿಯ ಕಾಫಿ ಚೀಲವನ್ನೇ ಹೇರಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಚೀಲದ ಮೇಲೆ ಬೆಕ್ಕು ಮಲಗಿತ್ತು. ಬೆಕ್ಕಿನ ತೂಕ ದಾಖಲೆಯಲ್ಲಿ ಸೇರಿಸಿಲ್ಲ.

ಈ ಸಲ ಅಪಾಯಕಾರಿ ಸರಕನ್ನು ತಿಳಿದು ಮಾಡುವ ಬೆಂಗಳೂರಿನ ಏಜೆಂಟರನ್ನು ಹಿಡಿದೆ. 25 ಮಿಲಿಯಂತೆ 12 ಬಾಟಲಿ, ಎಂಟು ಕಿತ್ತಳೆ, ನಾಲ್ಕು ಮೆಣಸು. ಪೆಟ್ಟಿಗೆಯ ಮೇಲೆ ಓರೆಗೆರೆಯ ಅಂಚಿನ, ನಡುವೆ 'ಇ' ಅಕ್ಷರದ ಚೌಕ ಗುರುತು, ಅದರೊಳಗೆ ಕ್ಲಾಸ್ 3 ಎಂದು. ಏರ್ ವೇ ಬಿಲ್ಲಿನಲ್ಲೂ, ಅಂದರೆ ವಿಮಾನ ಸರಕಿನ ರಸೀದಿಯಲ್ಲೂ, ಅದೇ ಮಾತು. ಹೋಯಿತು. ತಲುಪಿತು. ಮೆಣಸಿನ ಎಣ್ಣೆ ಬೇಡ, ಕಿತ್ತಳೆ 10 ಲೀಟರ್ ಬೇಕು ಎಂದು ಉತ್ತರ ಬಂತು.

ಹತ್ತು ಲೀಟರ್! ಖುಷಿಯ ಜೊತೆ ಕೆಲಸವೂ ಬಂತು. ನೀಲಿ ಹಾಳೆಯಲ್ಲಿ 'ಲಿಮಿಟೆಡ್ ಕ್ವಾಂಟಿಟಿ' ಎಂಬ ಇನ್ನೊಂದು ದಾರಿ ಕಾಣಿಸಿತು. ವೈ344 ಎಂಬ ಪ್ಯಾಕಿಂಗ್ ಸೂಚನೆ, ಒಂದು ಪೆಟ್ಟಿಗೆಗೆ ಸರಿಯಾಗಿ 10 ಲೀಟರ್. ಪರೀಕ್ಷೆ ಪಾಸಾದ ಗುರುತಾಗಿ ಯುಎನ್ ಮುದ್ರೆ ಇರುವ ಪೆಟ್ಟಿಗೆ ಬೇಕಿಲ್ಲ. ನನಗೆಂದೇ ಬರೆದ ಹಾಗಿತ್ತು. ಎಲ್ಲ ಸಿದ್ಧ ಮಾಡಿಕೊಂಡ ಮೇಲೆ ಏಜೆಂಟರು ಫೋನ್ ಮಾಡಿದರು. "ಮೇಡಂ, ನಾವು ಬುಕ್ ಮಾಡಿದ ವಿಮಾನ ಸಂಸ್ಥೆ ಲಿಮಿಟೆಡ್ ಕ್ವಾಂಟಿಟಿ ತಗೊಳ್ಳಲ್ಲ." ಪುಸ್ತಕದಲ್ಲಿ ಒಂದೊಂದು ದೇಶದ, ಒಂದೊಂದು ವಿಮಾನ ಸಂಸ್ಥೆಯ ಸ್ವಂತ ಷರತ್ತುಗಳ ಪಟ್ಟಿಯೂ ಇರುತ್ತದೆ. ಅದನ್ನು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ನಾನು ನೋಡಿರಲಿಲ್ಲ. ಇದು ಪೂರ್ತಿ ನನ್ನ ತಪ್ಪು.

ಹಾಗಾಗಿ ಯುಎನ್ ಮುದ್ರೆಯ ಪೆಟ್ಟಿಗೆ. ಮೇಲೆ ಅಚ್ಚಾದ '4ಜಿ' ಎಂದರೆ ರಟ್ಟಿನ ಪೆಟ್ಟಿಗೆ. ಮುಂದಿನ 'ವೈ' ಎಂದರೆ ಎರಡು ಮತ್ತು ಮೂರನೇ ಪ್ಯಾಕಿಂಗ್ ಗ್ರೂಪಿಗೆ ಆದೀತು ಎಂದು. ನಮ್ಮಲ್ಲಿ ಇಂಥ ಪೆಟ್ಟಿಗೆಗಳನ್ನು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತದೆ. ಪೆಟ್ಟಿಗೆ ಕೊಂಡರೆ ಮುಗಿಯಿತು ಎಂದುಕೊಂಡಿದ್ದೆ. ಇಲ್ಲ. ಪರೀಕ್ಷೆ ಮಾಡಿದಾಗ ಒಳಗೆ ಎಂಥ ಬಾಟಲಿ ಇತ್ತೋ ಅಂಥದ್ದೇ ಇಡಬೇಕು. ಒಂದು ಲೀಟರಿನ ಅಲ್ಯುಮಿನಿಯಂ ಬಾಟಲಿ ಹತ್ತು ತರಿಸಿದೆ. ಒಂದೊಂದೂ ಒತ್ತಡ ತಡೆಯಬೇಕು, ನನ್ನ ಎಣ್ಣೆಯ ಗುಂಪಿಗೆ 75 ಕಿಲೋಪಾಸ್ಕಲ್. ಪೆಟ್ಟಿಗೆಯ ಮೇಲೆ ಯುಎನ್ 1197, ಸಾಗಣೆಯ ಹೆಸರು, ಎರಡೂ ಕಡೆಯವರ ಪೂರ್ತಿ ವಿಳಾಸ, ಜ್ವಾಲೆ ಚಿತ್ರದ ಕೆಂಪು ಲೇಬಲ್, ಎದುರುಬದುರು ಎರಡು ಮಗ್ಗುಲಿನಲ್ಲಿ ಮೇಲ್ಮುಖ ಬಾಣ. ಲೇಬಲ್ ಮೂಲೆಗೆ ಮಡಚಿಕೊಳ್ಳಬಾರದು. ಕೆಂಪು ಲೇಬಲ್ ಅಂಟಿಸುವಾಗ ಕೈ ಸ್ವಲ್ಪ ನಡುಗಿತು. ನಮ್ಮ ಕಿತ್ತಳೆ ಮೇಲೆ ಬೆಂಕಿಯ ಚಿತ್ರ.

ಕೊನೆಗೆ ಶಿಪ್ಪರ್ಸ್ ಡಿಕ್ಲರೇಷನ್, ಅಂದರೆ ಕಳಿಸುವವರ ಘೋಷಣಾ ಪತ್ರ. ಎಡಕ್ಕೂ ಬಲಕ್ಕೂ ಕೆಂಪು ಓರೆಗೆರೆಯ ಅಂಚಿರುವ ಹಾಳೆ. ಕುಶಾಲನಗರದ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪಿನಲ್ಲಿ ತೆಗೆಸಿದ್ದೆ, ಅಂಚು ಕೆಂಪೇ ಇರಬೇಕೆಂದು ನೆನಪಾಗಿ ಮತ್ತೆ ಕಲರ್ ಪ್ರಿಂಟ್. ಪೆಟ್ಟಿಗೆ ತೆಗೆದುಕೊಂಡು ದೇವನಹಳ್ಳಿಗೆ ಮತ್ತೆ ಮೂರು ಗಂಟೆಯ ಜಾವಕ್ಕೆ ಹೊರಟೆ. ಅಲ್ಲಿ ಚೆಕ್‌ಲಿಸ್ಟ್ ಹಿಡಿದು ಒಂದೊಂದೇ ಸಾಲು ಟಿಕ್ ಹಾಕುತ್ತಾರೆ. ಒಂದೇ ಒಂದಕ್ಕೆ 'ಇಲ್ಲ' ಬಂದರೆ ಸರಕು ವಾಪಸ್. ನನಗೆ ಬಂತು. ಪ್ರಮಾಣದ ಜಾಗದಲ್ಲಿ ಒಂದು ಅಂಕಿ ತಪ್ಪಾಗಿತ್ತು, ಹೊಡೆದು ಪಕ್ಕದಲ್ಲಿ ಸರಿಯಾಗಿ ಬರೆದಿದ್ದೆ. ತಿದ್ದಿದ ಕಡೆ ಸಹಿ ಹಾಕಿರಲಿಲ್ಲ.

"ಈಗ ಹಾಕ್ತೀನಿ ಸರ್."

"ಈ ತಪಾಸಣೆ ಮುಗೀತು ಮೇಡಂ. ಹೊಸ ಡಿಕ್ಲರೇಷನ್ ತಂದು ಮತ್ತೆ ಮೊದಲಿಂದ."

ಕಣ್ಣಲ್ಲಿ ನೀರು ಬಂತು ಎಂದರೆ ಸುಳ್ಳಲ್ಲ. ಏಜೆಂಟರ ಆಫೀಸಿನಲ್ಲಿ ಹೊಸದು ತೆಗೆಸಿ, ಊಟ ಬಿಟ್ಟು, ಸಂಜೆ ಮತ್ತೆ ಸಾಲಿನಲ್ಲಿ ನಿಂತೆ. ಆಗ ಕೂತಿದ್ದವರು ಅದೇ ಕನ್ನಡಕದವರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ಹೆಸರು ಓದಿದರು, ನಂಬರ್ ಓದಿದರು, ಪೆಟ್ಟಿಗೆ ಸುತ್ತ ಒಂದು ಸುತ್ತು ಬಂದರು. ಟಿಕ್, ಟಿಕ್, ಟಿಕ್. ಈ ಸಲ ಕೋಣೆಯಲ್ಲಿ ಕಿತ್ತಳೆ ವಾಸನೆ ಇರಲಿಲ್ಲ.

"ಪೈಲಟ್‌ಗೂ ಹೇಳ್ತಾರಾ ಸರ್?" ಎಂದು ಕೇಳಿದೆ. ಗೊತ್ತಿದ್ದೇ ಕೇಳಿದ್ದು.

"ಹೂಂ. ಏನಿದೆ, ಎಷ್ಟಿದೆ, ವಿಮಾನದಲ್ಲಿ ಎಲ್ಲಿಟ್ಟಿದ್ದೀವಿ ಅಂತ ಕ್ಯಾಪ್ಟನ್ ಕೈಗೆ ಹಾಳೆ ಹೋಗುತ್ತೆ. ಹೊರಡೋ ಮೊದಲೇ."

ಲೆಕ್ಕ ಹಾಕಿದರೆ ಮೊದಲ ಆರ್ಡರಿನಲ್ಲಿ ಲ್ಯಾಬು, ಪೆಟ್ಟಿಗೆ, ತರಬೇತಿ, ಓಡಾಟ ಎಲ್ಲ ಸೇರಿ ಎಣ್ಣೆಯ ದುಡ್ಡಿಗಿಂತ ಖರ್ಚೇ ಜಾಸ್ತಿ. ಎರಡನೆಯದರಲ್ಲಿ ಸ್ವಲ್ಪ ಉಳಿಯಿತು. ಮುಂದಿನ ತರಬೇತಿಯ ತಾರೀಕನ್ನು ಮೆಣಸು ಕೊಯ್ಲಿನ ಪಕ್ಕದಲ್ಲಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅತ್ತೆ ಮೈದುನನ ಬ್ಯಾಗಿಗೆ ಕೊಬ್ಬರಿ ಹಾಕುವ ಮೊದಲು ಈಗ ನನ್ನ ಮುಖ ನೋಡುತ್ತಾರೆ. ನೋಡಿ, ನಮ್ಮ ಕಡೆ ಅಡುಗೆಗೆ ಹಾಕುವ ಹುಳಿ, ಕಾಚಂಪುಳಿಯ ಬಾಟಲಿ ಎತ್ತಿಕೊಳ್ಳುತ್ತಾರೆ. ಅದಕ್ಕೆ ತಕರಾರಿಲ್ಲ, ಮುಚ್ಚಳಕ್ಕೆ ಟೇಪ್ ಮಾತ್ರ ನಾನೇ ಸುತ್ತುತ್ತೇನೆ.

ಮೊನ್ನೆ ಕುಶಾಲನಗರದ ಆ ಕೊರಿಯರ್ ಹುಡುಗ ಫೋನ್ ಮಾಡಿದ್ದ. ದನಿ ತಗ್ಗಿಸಿ ಮಾತಾಡಿದ.

"ಅಕ್ಕ, ಇಲ್ಲೊಬ್ಬರು ದುಬೈಗೆ ಪಾರ್ಸೆಲ್ ತಂದಿದ್ದಾರೆ. ಎಣ್ಣೆ ಅಂತಾರೆ. ಏನಂತ ಬರೀಲಿ?"

"ಯಾವ ಎಣ್ಣೆ?"

"ನೀಲಗಿರಿ ಎಣ್ಣೆಯಂತೆ."

"ಏನೂ ಬರೀಬೇಡ" ಎಂದೆ. "ಫೋನ್ ಅವರ ಕೈಗೆ ಕೊಡು."